ಹದಿಹರೆಯದವರನ್ನು ಮೊಬೈಲ್ ಹಾಳು ಮಾಡುತ್ತಿದೆಯೇ? ಗಂಟೆಗಳ ಲೆಕ್ಕದಲ್ಲಿ ಕಾಣದ ಸಂಗತಿಗಳು

ಎಸ್‌ಎಸ್‌ಎಲ್‌ಸಿಯಲ್ಲಿ ಅಂಕ ಕಡಿಮೆಯಾದರೆ ಮೊಬೈಲ್ ಕಾರಣ. ಊಟಕ್ಕೆ ಕರೆದಾಗ ಮಗ ಓಗೊಡದಿದ್ದರೆ ಮೊಬೈಲ್ ಕಾರಣ. ಮಗಳು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತರೂ ಮೊಬೈಲೇ ಕಾರಣ. ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಈ ಮಾತು ದಿನಕ್ಕೊಮ್ಮೆಯಾದರೂ ಬರುತ್ತದೆ. ಇನ್ನೊಂದೆಡೆ, "ಈಗಿನ ಕಾಲಕ್ಕೆ ಇದೆಲ್ಲ ಸಾಮಾನ್ಯ, ದೊಡ್ಡವರಾದ ಮೇಲೆ ಸರಿಹೋಗುತ್ತಾರೆ" ಎನ್ನುವವರೂ ಇದ್ದಾರೆ. ಎರಡೂ ಮಾತುಗಳಲ್ಲಿ ಸ್ವಲ್ಪ ನಿಜವಿದೆ, ಆದರೆ ಯಾವುದೂ ಪೂರ್ತಿ ನಿಜವಲ್ಲ. ಇಂಟರ್ನೆಟ್ ಮತ್ತು ಸಾಮಾಜಿಕ ಜಾಲತಾಣಗಳು ಹದಿಹರೆಯದವರ ಬದುಕನ್ನು ಹೇಗೆ ಮುಟ್ಟುತ್ತಿವೆ ಎಂಬುದನ್ನು ಈ ಬರಹದಲ್ಲಿ ಒಂದೊಂದಾಗಿ ನೋಡೋಣ.

ನಮ್ಮಲ್ಲಿ ಎಷ್ಟು ಮಕ್ಕಳ ಕೈಯಲ್ಲಿ ಮೊಬೈಲ್ ಇದೆ?

ಪ್ರಥಮ್ ಸಂಸ್ಥೆಯ 'ಅಸರ್' ಸಮೀಕ್ಷೆ 2023ರಲ್ಲಿ ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಮಾತನಾಡಿಸಿತು. 26 ರಾಜ್ಯಗಳ 28 ಜಿಲ್ಲೆಗಳಲ್ಲಿ ನಡೆದ ಈ ಸಮೀಕ್ಷೆಗೆ ಕರ್ನಾಟಕದಿಂದ ಆಯ್ಕೆಯಾಗಿದ್ದು ಮೈಸೂರು ಜಿಲ್ಲೆ. ಸುಮಾರು ಶೇ. 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಅದನ್ನು ಬಳಸಲೂ ಅವರಿಗೆ ಗೊತ್ತಿತ್ತು. ಬಳಸಲು ಬರುವವರಲ್ಲಿ ಶೇ. 43.7ರಷ್ಟು ಹುಡುಗರಿಗೆ ಸ್ವಂತ ಫೋನ್ ಇದ್ದರೆ, ಹುಡುಗಿಯರಲ್ಲಿ ಈ ಪ್ರಮಾಣ ಶೇ. 19.8 ಮಾತ್ರ. ಹಿಂದಿನ ಒಂದು ವಾರದಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಫೋನನ್ನು ಓದಿಗೆ ಸಂಬಂಧಿಸಿದ ಯಾವುದಾದರೂ ಕೆಲಸಕ್ಕೆ ಬಳಸಿದ್ದರು. ಜಾಲತಾಣ ಬಳಸಿದ್ದವರು ಶೇ. 90ರಷ್ಟು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ನಮ್ಮಲ್ಲಿ ಅನೇಕ ಮಕ್ಕಳು ಬಳಸುವುದು ಮನೆಯವರೆಲ್ಲ ಹಂಚಿಕೊಳ್ಳುವ ಫೋನನ್ನು. ಇನ್ನೊಂದು, ರೀಲ್ಸ್ ಬರುವ ಫೋನಿನಲ್ಲೇ ಗಣಿತದ ಪಾಠವೂ ಬರುತ್ತದೆ. ಹಾಗಾಗಿ ಫೋನ್ ಕಿತ್ತುಕೊಂಡಾಗ ಹೋಗುವುದು ರೀಲ್ಸ್ ಮಾತ್ರವಲ್ಲ.

ತಪ್ಪು ಕಲ್ಪನೆ 1: ಹೆಚ್ಚು ಗಂಟೆ ನೋಡಿದಷ್ಟೂ ಮನಸ್ಸು ಕೆಡುತ್ತದೆ

2019ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್‌ಸ್ಕಿ ಬ್ರಿಟನ್ ಮತ್ತು ಅಮೆರಿಕದ 3.5 ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ಪರಿಶೀಲಿಸಿದರು. ಒಬ್ಬರಿಂದ ಒಬ್ಬರಿಗೆ ನೆಮ್ಮದಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಡಿಜಿಟಲ್ ಸಾಧನಗಳ ಬಳಕೆಯಿಂದ ವಿವರಿಸಲಾಗಿದ್ದು ಹೆಚ್ಚೆಂದರೆ ಶೇ. 0.4 ಭಾಗ. ಅದೇ ಮಾಹಿತಿಯಲ್ಲಿ ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಇದ್ದ ನಂಟು ಹೆಚ್ಚುಕಡಿಮೆ ಇಷ್ಟೇ ಇತ್ತು! ಆದರೆ ಸಾಕಷ್ಟು ನಿದ್ದೆ ಮಾಡುವುದು, ಬೆಳಗಿನ ತಿಂಡಿ ತಪ್ಪಿಸದಿರುವುದು ಇವುಗಳ ನಂಟು ಇದಕ್ಕಿಂತ ಬಹಳ ದೊಡ್ಡದು. ಇತರರಿಂದ ಕಿರುಕುಳಕ್ಕೆ ಒಳಗಾಗುವುದರ ಕೆಟ್ಟ ನಂಟು ನಾಲ್ಕು ಪಟ್ಟಿಗಿಂತ ಹೆಚ್ಚಿತ್ತು.

ಹಾಗಾದರೆ ಚಿಂತೆಯೇ ಬೇಡವೇ? ಹಾಗಲ್ಲ. ಸರಾಸರಿ ಮೊಣಕಾಲುದ್ದ ನೀರಿರುವ ಹೊಳೆಯಲ್ಲೂ ಆಳದ ಮಡುಗಳಿರುತ್ತವೆ. ಆರ್ಬೆನ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಬ್ರಿಟನ್ನಿನ ಅಧ್ಯಯನದಲ್ಲಿ ಕೆಲವು ವಯಸ್ಸುಗಳು ಹೆಚ್ಚು ಸೂಕ್ಷ್ಮ ಎಂದು ಕಂಡುಬಂತು. ಹುಡುಗಿಯರಲ್ಲಿ 11ರಿಂದ 13, ಹುಡುಗರಲ್ಲಿ 14ರಿಂದ 15, ಇಬ್ಬರಲ್ಲೂ 19ನೇ ವಯಸ್ಸು. ಈ ವಯಸ್ಸಿನಲ್ಲಿ ಜಾಲತಾಣದ ಬಳಕೆ ಹೆಚ್ಚಿದ್ದವರಿಗೆ ವರ್ಷದ ನಂತರ ಬದುಕಿನ ಬಗೆಗಿನ ತೃಪ್ತಿ ಕಡಿಮೆಯಾಗಿತ್ತು. ಬೇಸರದಲ್ಲಿರುವ ಮಕ್ಕಳು ಹೆಚ್ಚಾಗಿ ಫೋನ್ ಹಿಡಿಯುವುದೂ ಉಂಟು. ಆದ್ದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಗಂಟೆಗಳ ಲೆಕ್ಕ ಒಂದರಿಂದಲೇ ಹೇಳಲು ಬರುವುದಿಲ್ಲ.

ತಪ್ಪು ಕಲ್ಪನೆ 2: ಇದೆಲ್ಲ ಚಟ, ಮನಸ್ಸು ಮಾಡಿದರೆ ಬಿಡಬಹುದು

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ 'ಗೇಮಿಂಗ್ ಡಿಸಾರ್ಡರ್' ಎಂಬ ಕಾಯಿಲೆ ಸೇರಿದೆ. ಆಟದ ಮೇಲೆ ಹಿಡಿತ ತಪ್ಪಿ, ಓದು, ಊಟ, ಸಂಬಂಧಗಳೆಲ್ಲ ಹಿಂದೆ ಸರಿದು, ಈ ಸ್ಥಿತಿ ಸಾಮಾನ್ಯವಾಗಿ 12 ತಿಂಗಳು ಮುಂದುವರಿದಿದ್ದರೆ ಮಾತ್ರ ವೈದ್ಯರು ಹಾಗೆ ಗುರುತಿಸುತ್ತಾರೆ. 'ಜಾಲತಾಣದ ಚಟ' ಎಂಬ ಪ್ರತ್ಯೇಕ ಕಾಯಿಲೆ ಆ ಪಟ್ಟಿಯಲ್ಲಿಲ್ಲ. ರಜೆಯಲ್ಲಿ ನಾಲ್ಕು ದಿನ ಫೋನಿಗೆ ಅಂಟಿಕೊಂಡ ಮಗುವನ್ನು ರೋಗಿ ಎನ್ನಬೇಕಾಗಿಲ್ಲ.

ಹಾಗೆಂದು ಇದು ಬರೀ ಮನೋಬಲದ ಪ್ರಶ್ನೆಯೂ ಅಲ್ಲ. 2016ರಲ್ಲಿ ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 13ರಿಂದ 18 ವರ್ಷದ 32 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡುತ್ತಾ ಇನ್‌ಸ್ಟಾಗ್ರಾಂನಂಥ ಪುಟದಲ್ಲಿ ಫೋಟೋಗಳನ್ನು ತೋರಿಸಿದರು. ತಮ್ಮ ಫೋಟೋಗೆ ಹೆಚ್ಚು ಲೈಕ್ ಬಂದಿರುವುದನ್ನು ಕಂಡಾಗ, ಸಿಹಿ ತಿಂದಾಗ ಅಥವಾ ಹಣ ಗೆದ್ದಾಗ ಚುರುಕಾಗುವ ಮಿದುಳಿನ ಭಾಗವೇ ಚುರುಕಾಯಿತು. ಫೋಟೋ ಯಾವುದೇ ಇರಲಿ, ಈಗಾಗಲೇ ಹೆಚ್ಚು ಲೈಕ್ ಇದ್ದದ್ದಕ್ಕೆ ಮಕ್ಕಳು ತಾವೂ ಲೈಕ್ ಒತ್ತಿದರು. ಸಂತೋಷ ಬೇಡುವ ಮಿದುಳಿನ ಭಾಗ ಹದಿಹರೆಯದಲ್ಲಿ ಬಲು ಚುರುಕು, ಆದರೆ 'ಸಾಕು' ಎಂದು ತಡೆಯುವ ಮುಂಭಾಗ ಪೂರ್ತಿ ಬಲಿಯುವುದು 20 ದಾಟಿ ಕೆಲವು ವರ್ಷಗಳ ನಂತರ. ಕೊನೆಯೇ ಇಲ್ಲದೆ ಉರುಳುವ ಪುಟ, ತಾನಾಗಿಯೇ ಶುರುವಾಗುವ ಮುಂದಿನ ವಿಡಿಯೋ ಇವೆಲ್ಲ ಆ 'ಸಾಕು' ಬರದಂತೆ ನೋಡಿಕೊಳ್ಳುತ್ತವೆ.

ತಪ್ಪು ಕಲ್ಪನೆ 3: ನೈಟ್ ಮೋಡ್ ಹಾಕಿದರೆ ನಿದ್ದೆಗೆ ತೊಂದರೆಯಿಲ್ಲ

ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ಹದಿಹರೆಯದಲ್ಲಿ ರಾತ್ರಿ ತಡವಾಗಿ ಏರುತ್ತದೆ. ಅಂದರೆ ಮಕ್ಕಳು ತಡವಾಗಿ ಮಲಗುವುದಕ್ಕೆ ಸೋಮಾರಿತನವಷ್ಟೇ ಕಾರಣವಲ್ಲ, ದೇಹವೂ ಕಾರಣ. ಆದರೆ ಬೆಳಗಿನ ಟ್ಯೂಷನ್ ಮತ್ತು ಶಾಲಾ ಬಸ್ಸು ಇದಕ್ಕೆ ಕಾಯುವುದಿಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಹೇಳುತ್ತದೆ.

ಪರದೆಯ ನೀಲಿ ಬೆಳಕಿನ ಬಗ್ಗೆ ಬಹಳ ಮಾತಿದೆ. 2015ರ ಒಂದು ಪ್ರಯೋಗದಲ್ಲಿ 12 ಯುವಜನರು ಐದು ರಾತ್ರಿ, ಮಲಗುವ ಮುನ್ನ ನಾಲ್ಕು ಗಂಟೆ ಬೆಳಗುವ ಪರದೆಯಲ್ಲಿ ಪುಸ್ತಕ ಓದಿದರು. ಅವರ ಮೆಲಟೋನಿನ್ ಗಣನೀಯವಾಗಿ ಕುಗ್ಗಿತು. ಆದರೆ ಮುದ್ರಿತ ಪುಸ್ತಕ ಓದಿದ ದಿನಗಳಿಗಿಂತ ನಿದ್ದೆ ತಡವಾಗಿದ್ದು ಸುಮಾರು 10 ನಿಮಿಷ ಮಾತ್ರ. ರಾತ್ರಿ 11ಕ್ಕೆ ಮಲಗಬೇಕಾದವರು 1 ಗಂಟೆಯವರೆಗೆ ಎಚ್ಚರವಿರುವುದಕ್ಕೆ ಬೆಳಕೊಂದೇ ಕಾರಣವಾಗಲಾರದು. ಮುಗಿಯದ ವಿಡಿಯೋ, ದಿಂಬಿನ ಪಕ್ಕ 'ಟಿಂಗ್' ಎನ್ನುವ ಸಂದೇಶ, ಉತ್ತರಿಸದಿದ್ದರೆ ಗೆಳೆಯರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಇವೂ ಸೇರುತ್ತವೆ. ನೈಟ್ ಮೋಡ್ ಪರದೆಯ ಬಣ್ಣ ಬದಲಿಸುತ್ತದೆ, ಇವುಗಳನ್ನಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ: ಮನೆಯಲ್ಲಿ ಹೇಳಲಾಗದ ಗುಟ್ಟು

ಮೇಲೆ ಹೇಳಿದ ಅಧ್ಯಯನದಲ್ಲಿ ಕಿರುಕುಳದ ನಂಟು ಎದ್ದು ಕಂಡಿತ್ತು. ಜಾಲತಾಣದಲ್ಲಿ ಇದರ ಕೆಟ್ಟ ರೂಪವೆಂದರೆ ಬ್ಲ್ಯಾಕ್‌ಮೇಲ್. ಅಪರಿಚಿತರೊಬ್ಬರು ಸಮವಯಸ್ಕರಂತೆ ನಟಿಸಿ ಸ್ನೇಹ ಬೆಳೆಸುತ್ತಾರೆ, ಖಾಸಗಿ ಫೋಟೋ ಕೇಳುತ್ತಾರೆ. ಸಿಕ್ಕ ಮೇಲೆ ಹಣ ಅಥವಾ ಇನ್ನಷ್ಟು ಫೋಟೋ ಕೊಡದಿದ್ದರೆ ಎಲ್ಲರಿಗೂ ಕಳಿಸುತ್ತೇನೆ ಎಂದು ಹೆದರಿಸುತ್ತಾರೆ. ಈ ವಂಚನೆ ನಡೆಯುವುದೇ ಮಗು ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂಬ ನಂಬಿಕೆಯ ಮೇಲೆ. 'ಅಪ್ಪ ಹೊಡೆಯುತ್ತಾರೆ, ಅಮ್ಮ ಫೋನ್ ಕಿತ್ತುಕೊಂಡು ಕಾಲೇಜು ಬಿಡಿಸುತ್ತಾರೆ' ಎಂಬ ಭಯವೇ ವಂಚಕರ ಬಂಡವಾಳ.

ಇಂಥದ್ದು ನಡೆದಾಗ ಮೊದಲು ಹೇಳಬೇಕಾದ ಮಾತು, "ಇದು ನಿನ್ನ ತಪ್ಪಲ್ಲ, ಹೇಳಿದ್ದು ಒಳ್ಳೆಯದಾಯಿತು." ಆಮೇಲೆ:

- ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುತ್ತದೆ ಎಂಬ ಖಾತ್ರಿಯಿಲ್ಲ.
- ಬೆದರಿಕೆಯ ಸಂದೇಶ ಮತ್ತು ಆ ಖಾತೆಯ ಹೆಸರಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಹೆದರಿ ಎಲ್ಲವನ್ನೂ ಅಳಿಸಬೇಡಿ. ನಂತರ ಬ್ಲಾಕ್ ಮಾಡಿ.
- ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ, ಮಕ್ಕಳಿಗೆ ನೆರವು ಬೇಕಿದ್ದರೆ 1098ಕ್ಕೆ ಕರೆ ಮಾಡಿ.
- 18 ವರ್ಷದೊಳಗಿನವರ ಖಾಸಗಿ ಚಿತ್ರ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಿದೆ. ಚಿತ್ರವನ್ನು ಅಲ್ಲಿಗೆ ಕಳಿಸಬೇಕಿಲ್ಲ, ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ.

ನಿಷೇಧ ಹೇರಿದರೆ ಮುಗಿಯಿತೇ?

ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಕಾನೂನು ಜಾರಿಗೆ ತಂದಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಮಕ್ಕಳ ಚಲನವಲನ ಗಮನಿಸಿ ಜಾಹೀರಾತು ತೋರಿಸುವುದನ್ನೂ ಅದು ನಿರ್ಬಂಧಿಸುತ್ತದೆ. ಈ ಕಾನೂನುಗಳು ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸುತ್ತವೆ, ಅದು ಆಗಬೇಕಾದ್ದೇ. ಆದರೆ ರಾತ್ರಿ 1 ಗಂಟೆಗೆ ಮಗುವಿನ ಕೋಣೆಯಲ್ಲಿ ಕಾನೂನು ಇರುವುದಿಲ್ಲ, ಮನೆಯವರು ಇರುತ್ತಾರೆ.

ಮನೆಯಲ್ಲಿ ನಾವೇನು ಮಾಡಬಹುದು?

- ರಾತ್ರಿ ಎಲ್ಲರ ಫೋನುಗಳೂ ಹಾಲ್‌ನಲ್ಲಿ ಚಾರ್ಜ್ ಆಗಲಿ. ಅಪ್ಪ ಅಮ್ಮನ ಫೋನಿಗೂ ಇದೇ ನಿಯಮ. ಎಬ್ಬಿಸಲು ಅಲಾರಾಂ ಗಡಿಯಾರ ಸಾಕು.
- "ಎಷ್ಟು ಹೊತ್ತು ನೋಡಿದೆ?" ಎನ್ನುವ ಬದಲು "ಇವತ್ತು ಏನು ನೋಡಿದೆ? ಏನಾದರೂ ಬೇಜಾರಾಯಿತಾ?" ಎಂದು ಕೇಳಿ.
- ಖಾತೆಯನ್ನು ಪ್ರೈವೇಟ್ ಮಾಡುವುದು, ಬ್ಲಾಕ್ ಮಾಡುವುದು, ರಿಪೋರ್ಟ್ ಮಾಡುವುದನ್ನು ಮಕ್ಕಳ ಜೊತೆ ಕೂತು ಕಲಿಯಿರಿ. ಅಸರ್ ಸಮೀಕ್ಷೆಯಲ್ಲಿ ಇಂಥ ಸೆಟ್ಟಿಂಗ್‌ಗಳು ಗೊತ್ತಿದ್ದವರು ಸುಮಾರು ಅರ್ಧದಷ್ಟು ಮಂದಿ ಮಾತ್ರ.
- "ಏನೇ ತೊಂದರೆ ಆದರೂ ಬಂದು ಹೇಳು, ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ" ಎಂದು ಮಾತು ಕೊಡಿ. ಕೊಟ್ಟ ಮೇಲೆ ಉಳಿಸಿಕೊಳ್ಳಿ.

ನಿದ್ದೆ ಮತ್ತು ಊಟ ವಾರಗಟ್ಟಲೆ ಏರುಪೇರಾದರೆ, ಗೆಳೆಯರಿಂದ ದೂರವಾದರೆ, ಬದುಕು ಬೇಡವೆಂಬ ಮಾತು ಬಂದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ಇದೆ. ಮೊಬೈಲ್ ಮತ್ತು ಗೇಮ್‌ಗಳ ಅತಿ ಬಳಕೆಯಿಂದ ಬಳಲುವವರಿಗಾಗಿಯೇ ಅದನ್ನು ಆರಂಭಿಸಲಾಗಿದೆ.

ಮಕ್ಕಳ ಗಂಟೆಗಳನ್ನು ಫೋನೇ ಎಣಿಸಿಕೊಡುತ್ತದೆ. ರಾತ್ರಿ ಅವರು ಮಲಗಿದರೇ, ತೊಂದರೆಯಾದಾಗ ನಮ್ಮ ಬಳಿ ಬರುವ ಧೈರ್ಯ ಅವರಿಗಿದೆಯೇ ಎಂಬುದನ್ನು ನೋಡಿಕೊಳ್ಳಬೇಕಾದವರು ನಾವು.