ರಕ್ತದಲ್ಲಿನ ಏರಿಕೆ, ಕರುಳಿನ ಉತ್ಪಾದನೆ: ದೀರ್ಘಕಾಲಿಕ ಮೂತ್ರಪಿಂಡ ರೋಗದ ಒಂದು ವಾದದ ಮರುಪರಿಶೀಲನೆ

ಕರುಳಿನ ಬ್ಯಾಕ್ಟೀರಿಯಾಗಳಿಗೂ ಮೂತ್ರಪಿಂಡಗಳಿಗೂ ನಂಟಿದೆ ಎಂಬುದರಲ್ಲಿ ಈಗ ತಕರಾರಿಲ್ಲ. ಸಣ್ಣಕರುಳಿನಲ್ಲಿ ಅರಗದೆ ಉಳಿದ ಪ್ರೋಟೀನು ದೊಡ್ಡಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಟ್ರಿಪ್ಟೊಫ್ಯಾನಿನಿಂದ ಇಂಡೋಲನ್ನು, ಟೈರೊಸಿನ್ನಿನಿಂದ ಪಿ-ಕ್ರೆಸಾಲನ್ನು ಉಂಟುಮಾಡುತ್ತವೆ. ಯಕೃತ್ತಿನಲ್ಲಿ, ಕರುಳಿನ ಒಳಪದರದಲ್ಲಿ ಮಾರ್ಪಟ್ಟು ಇವು ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಆಗುತ್ತವೆ. ಆರೋಗ್ಯವಂತರಲ್ಲಿ ಮೂತ್ರಪಿಂಡದ ನಾಳಿಕೆಗಳು ಇವನ್ನು ಸ್ರವಿಸಿ ಹೊರಹಾಕುತ್ತವೆ. ರಕ್ತದ ಅಲ್ಬುಮಿನ್‌ಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಡಯಾಲಿಸಿಸ್‌ಗೆ ಇವು ಅಷ್ಟಾಗಿ ಸಿಗುವುದಿಲ್ಲ. ದೊಡ್ಡಕರುಳನ್ನು ತೆಗೆಸಿಕೊಂಡ ಡಯಾಲಿಸಿಸ್ ರೋಗಿಗಳ ರಕ್ತದಲ್ಲಿ ಇವೆರಡೂ ಅತ್ಯಲ್ಪವೆಂದು ಅರೊನೊವ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದ ಮೇಲೆ, ಮೂಲ ಯಾವುದೆಂಬ ಪ್ರಶ್ನೆಯೂ ಬಗೆಹರಿಯಿತು.

ಬಗೆಹರಿಯದೆ ಉಳಿದಿರುವುದು ಪ್ರಮಾಣದ ಪ್ರಶ್ನೆ. ವಜೀರಿ ಅವರ ತಂಡ 2013ರಲ್ಲಿ ಕೊನೆಯ ಹಂತದ 24 ರೋಗಿಗಳನ್ನು 12 ಆರೋಗ್ಯವಂತರೊಂದಿಗೆ ಹೋಲಿಸಿ, ಬ್ಯಾಕ್ಟೀರಿಯಾ ಸಮುದಾಯವೇ ಬದಲಾಗಿರುವುದನ್ನು ಗುರುತಿಸಿತು. ರೋಗಿಗಳಲ್ಲಿ ಯೂರಿಯೇಸ್ ಕಿಣ್ವವುಳ್ಳ, ಇಂಡೋಲ್ ಮತ್ತು ಕ್ರೆಸಾಲ್ ತಯಾರಿಸಬಲ್ಲ ಕುಟುಂಬಗಳು ಹೆಚ್ಚಿವೆ ಎಂದು 2014ರಲ್ಲಿ ವಾಂಗ್ ಮೊದಲಾದವರು ಸೇರಿಸಿದರು. ಇವುಗಳಿಂದ ಒಂದು ವಿಷಚಕ್ರದ ಸಿದ್ಧಾಂತ ರೂಪುಗೊಂಡಿತು: ಮೂತ್ರಪಿಂಡ ಸೋತಾಗ ಯೂರಿಯಾ ಕರುಳಿಗೆ ಸೋರುತ್ತದೆ, ಅದು ಅಮೋನಿಯಾ ಆಗಿ ಕರುಳಿನ ಪರಿಸರವನ್ನು ಕೆಡಿಸುತ್ತದೆ, ಕೆಟ್ಟ ಪರಿಸರದ ಬ್ಯಾಕ್ಟೀರಿಯಾಗಳು ಇಂಡೋಲ್, ಕ್ರೆಸಾಲ್‌ನಂಥ ವಿಷಗಳನ್ನು ಹೆಚ್ಚು ತಯಾರಿಸುತ್ತವೆ, ಆ ವಿಷ ಮೂತ್ರಪಿಂಡವನ್ನು ಇನ್ನಷ್ಟು ಹಾಳುಮಾಡುತ್ತದೆ. ನನ್ನ ಆಕ್ಷೇಪ ಈ ಸರಪಳಿಯ ಮೂರನೆಯ ಕೊಂಡಿಯ ಬಗ್ಗೆ ಮಾತ್ರ.

ತಯಾರಿಸುವ ಕಿಣ್ವ ಇದೆ ಎಂದ ಮಾತ್ರಕ್ಕೆ ತಯಾರಿಕೆ ಹೆಚ್ಚಿದೆ ಎಂದಾಗದು. ರಕ್ತದಲ್ಲಿ ಪ್ರಮಾಣ ಏರಿದೆ ಎಂಬುದೂ ಅದಕ್ಕೆ ಸಾಕ್ಷಿಯಲ್ಲ. ಕೆರೆಯ ತೂಬು ಅರ್ಧ ಕಟ್ಟಿಕೊಂಡರೆ ಒಳಹರಿವು ಹೆಚ್ಚದಿದ್ದರೂ ನೀರು ಏರುತ್ತದೆ. ಏರಿದ ನೀರಿನ ಒತ್ತಡದಿಂದ ಕೊನೆಗೆ ಅದೇ ತೂಬಿನಲ್ಲಿ ಒಳಹರಿವಿನಷ್ಟೇ ನೀರು ಹೊರಗೆ ಹೋಗುತ್ತದೆ. ಹಾಗಾಗಿ, ಡಯಾಲಿಸಿಸ್ ಹಂತಕ್ಕೆ ಬಾರದ ರೋಗಿಯಲ್ಲಿ ಉತ್ಪಾದನೆಯನ್ನು ಅಳೆಯಬೇಕಾದರೆ ನೋಡಬೇಕಾದದ್ದು ದಿನವೊಂದರ ಒಟ್ಟು ಮೂತ್ರವನ್ನು. ಬೆಲ್ಜಿಯಂನ ಗೆಂಟ್ ನಗರದ ಗ್ರಿಪ್ ಮತ್ತು ಸಂಗಡಿಗರು 2020ರಲ್ಲಿ ಮಾಡಿದ್ದು ಇದನ್ನೇ. ರೋಗದ ಬೇರೆ ಬೇರೆ ಹಂತಗಳಲ್ಲಿದ್ದ 141 ರೋಗಿಗಳ ಮತ್ತು 14 ಆರೋಗ್ಯವಂತರ ಮಲ, ರಕ್ತ, ಮೂತ್ರ ಮೂರನ್ನೂ ಅವರು ಪರೀಕ್ಷಿಸಿದರು. ಹಂತ ಏರಿದಂತೆ ರಕ್ತದಲ್ಲಿ ವಿಷಗಳು ಏರಿದವು. ಕರುಳಿನ ಉತ್ಪಾದನೆ ಮಾತ್ರ ಹಂತಕ್ಕೆ ತಕ್ಕಂತೆ ಬದಲಾಗಲಿಲ್ಲ. ಈ ಫಲಿತಾಂಶಕ್ಕೆ ಇನ್ನೂ ಹೆಚ್ಚಿನ ಗಮನ ಸಲ್ಲಬೇಕು.

ಇದಕ್ಕೆ ಎದುರಾಗಿ ನಿಲ್ಲುವ ಪ್ರಬಲ ಅಧ್ಯಯನವೂ ಅದೇ ವರ್ಷದ್ದು. ಚೀನಾದ ತಂಡವೊಂದು ಕೊನೆಯ ಹಂತದ 223 ರೋಗಿಗಳನ್ನು 69 ಆರೋಗ್ಯವಂತರೊಂದಿಗೆ ಹೋಲಿಸಿತು. ರೋಗಿಗಳ ಮಲವನ್ನು ಮೂತ್ರಪಿಂಡ ಕೆಟ್ಟ ಪ್ರಾಣಿಗಳಿಗೆ ಸೇರಿಸಿದಾಗ ವಿಷಗಳೂ ಹಾನಿಯೂ ಹೆಚ್ಚಿದವು. ಎಗರ್ಥೆಲ್ಲಾ ಲೆಂಟಾ ಎಂಬ ಬ್ಯಾಕ್ಟೀರಿಯಾ ಒಂದನ್ನೇ ಕೊಟ್ಟಾಗಲೂ ವಿಷ ಏರಿತು. ಇದನ್ನು ನಾನು ಒಪ್ಪುತ್ತೇನೆ. ಆದರೆ ಈ ಪ್ರಯೋಗ ಹೇಳುವುದು, ಸಮುದಾಯ ಬದಲಾದರೆ ಉತ್ಪಾದನೆ ಬದಲಾಗಬಲ್ಲದು ಎಂದು. ಮನುಷ್ಯರಲ್ಲಿ ರೋಗ ಮುಂದುವರಿದಂತೆ ಹಾಗೆ ಆಗಿದೆ ಎಂಬುದು ಬೇರೆಯೇ ಹೇಳಿಕೆ. ಕೊನೆಯ ಹಂತದವರ ಕರುಳಿನ ಮೇಲೆ ಪೊಟ್ಯಾಷಿಯಂ ಭಯದಿಂದ ಹಣ್ಣು ತರಕಾರಿ ಬಿಟ್ಟ ಊಟ, ಆಂಟಿಬಯೋಟಿಕ್, ಫಾಸ್ಫೇಟ್ ಹಿಡಿಯುವ ಔಷಧ, ಮಲಬದ್ಧತೆ ಎಲ್ಲದರ ಗುರುತೂ ಇರುತ್ತದೆ. ಒಂದೇ ಮನೆಯ ಊಟ ಮಾಡುವವರೊಂದಿಗೆ ಡಯಾಲಿಸಿಸ್ ರೋಗಿಗಳನ್ನು ಹೋಲಿಸಿದ ಪುಸೆನ್ ಅವರ 2016ರ ಅಧ್ಯಯನದಲ್ಲಿ, ಮಲದ ರಾಸಾಯನಿಕ ವ್ಯತ್ಯಾಸಗಳು ಬಹಳಷ್ಟು ತಗ್ಗಿದ್ದು ಈ ಅನುಮಾನಕ್ಕೆ ಬಲ ಕೊಡುತ್ತದೆ.

ಹೀಗಾಗಿ, ಡಯಾಲಿಸಿಸ್‌ಗೆ ಮುಂಚಿನ ಹಂತಗಳ ಮಟ್ಟಿಗೆ, ರಕ್ತದಲ್ಲಿನ ಏರಿಕೆಗೆ ಮುಖ್ಯ ಕಾರಣ ವಿಸರ್ಜನೆಯ ಸೋಲೇ ಹೊರತು ಕರುಳಿನ ಅತಿ ಉತ್ಪಾದನೆಯಲ್ಲ ಎಂಬುದು ನನ್ನ ವಾದ. ಇದಕ್ಕೆ ಮಿತಿಗಳಿವೆ. ಗೆಂಟ್ ಅಧ್ಯಯನ ಒಂದು ಕಾಲಘಟ್ಟದ ಹೋಲಿಕೆ. ಒಬ್ಬನೇ ವ್ಯಕ್ತಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದಲ್ಲ. ಅದರಲ್ಲಿದ್ದ ಆರೋಗ್ಯವಂತರ ಸಂಖ್ಯೆಯೂ ಕಡಿಮೆ. ಇದಕ್ಕಿಂತ ಗಂಭೀರವಾದ ತೊಡಕು ಊಟದ್ದು: ರೋಗ ಬಲಿತಂತೆ ಹಲವರು ಪ್ರೋಟೀನು ಕಡಿಮೆ ತಿನ್ನುತ್ತಾರೆ. ಕಡಿಮೆ ತಿಂದೂ ಮೂತ್ರದಲ್ಲಿ ಅಷ್ಟೇ ವಿಷ ಹೋಗುತ್ತಿದ್ದರೆ, ತಿಂದ ಪ್ರತಿ ಗ್ರಾಮಿಗೆ ಉತ್ಪಾದನೆ ಹೆಚ್ಚಿದೆ ಎಂದೇ ಅರ್ಥ; ಆಗ ವಿಷಚಕ್ರದ ಸಿದ್ಧಾಂತಕ್ಕೆ ಮತ್ತೆ ಜೀವ ಬರುತ್ತದೆ. ಮೂತ್ರವೇ ನಿಂತವರಿಗಂತೂ ಈ ಅಳತೆ ಒಗ್ಗುವುದಿಲ್ಲ.

ವಾದ ಸರಿಯಾದರೆ ಚಿಕಿತ್ಸೆಯ ಗುರಿ ಬದಲಾಗಬೇಕು. ಜಪಾನಿನಲ್ಲಿ 1991ರಿಂದ ಬಳಕೆಯಲ್ಲಿರುವ ಎಎಸ್‌ಟಿ-120 ಎಂಬ ಇದ್ದಿಲಿನ ಗುಳಿಗೆ ಕರುಳಿನಲ್ಲೇ ಇಂಡೋಲನ್ನು ಹೀರಿಕೊಳ್ಳುತ್ತದೆ. ಆದರೂ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಎಪಿಕ್ ಎಂಬ ಚಿಕಿತ್ಸಾ ಪರೀಕ್ಷೆಗಳಲ್ಲಿ ರೋಗದ ಓಟವನ್ನು ಅದು ತಡೆಯಲಿಲ್ಲ. ಜಪಾನಿನ ಮಿಶಿಮಾ ಮತ್ತು ಸಂಗಡಿಗರ 2017ರ ಇಲಿ ಪ್ರಯೋಗ ಇನ್ನೂ ಯೋಚನೆಗೆ ಹಚ್ಚುತ್ತದೆ: ಬ್ಯಾಕ್ಟೀರಿಯಾಗಳೇ ಇಲ್ಲದೆ ಬೆಳೆಸಿದ ಇಲಿಗಳಲ್ಲಿ ಈ ವಿಷಗಳು ಕಡಿಮೆ ಇದ್ದವು, ಮೂತ್ರಪಿಂಡದ ಹಾನಿ ಮಾತ್ರ ಹೆಚ್ಚಾಗಿತ್ತು. ನಾರನ್ನು ಹುದುಗಿಸಿ ಬ್ಯೂಟಿರೇಟ್‌ನಂಥ ಕಿರುಸರಪಳಿ ಕೊಬ್ಬಿನ ಆಮ್ಲಗಳನ್ನು ಕೊಡುವ ಬ್ಯಾಕ್ಟೀರಿಯಾಗಳ ಉಪಕಾರ ಕಳೆದುಹೋದದ್ದು ಇದಕ್ಕೆ ಒಂದು ಕಾರಣವಿರಬಹುದು. ಬ್ಯಾಕ್ಟೀರಿಯಾಗಳನ್ನು ಶತ್ರುಗಳೆಂದು ಹಣೆಪಟ್ಟಿ ಹಚ್ಚಿ ತೆಗೆಯಹೊರಡುವ ಬದಲು, ಅವಕ್ಕೆ ಸಿಗುವ ಆಹಾರದಲ್ಲಿ ಪ್ರೋಟೀನು ಮತ್ತು ನಾರಿನ ಅನುಪಾತವನ್ನು ತಿದ್ದುವುದು ಹೆಚ್ಚು ಸಮಂಜಸವೆಂದು ನನಗೆ ಅನಿಸುತ್ತದೆ.

ಪ್ರೋಟೀನು ಸೇವನೆಯನ್ನು ಲೆಕ್ಕಕ್ಕಿಟ್ಟು, ಅದೇ ರೋಗಿಗಳ ದಿನದ ಮೂತ್ರವನ್ನು ಹಂತದಿಂದ ಹಂತಕ್ಕೆ ಅಳೆದ ಮೇಲಷ್ಟೇ ಮೂರನೆಯ ಕೊಂಡಿಯನ್ನು ಉಳಿಸಬೇಕೋ ಬಿಡಬೇಕೋ ತೀರ್ಮಾನವಾದೀತು.