ಯಾರಿಗೂ ಬೇಡವಾದ ಜಾಗದಲ್ಲಿ ಹುಟ್ಟಿದ ವೈಫೈ

ಆನ್‌ಲೈನ್ ಇಂಟರ್‌ವ್ಯೂ ನಡೀತಿದೆ, ಅರ್ಧ ಉತ್ತರ ಹೇಳಿದ್ದೀರಿ, ಅಷ್ಟರಲ್ಲಿ ಲ್ಯಾಪ್‌ಟಾಪ್‌ನ ವೈಫೈ ಕಟ್! ರೂಟರ್‌ಗೆ ಬೈಯೋ ಮುಂಚೆ ಈ ಕತೆ ಕೇಳಿ.

ರೇಡಿಯೊ ತರಂಗ ಬಳಸೋಕೆ ಸಾಮಾನ್ಯವಾಗಿ ಸರ್ಕಾರದ ಲೈಸೆನ್ಸ್ ಬೇಕು. ಆದ್ರೆ 2.4 ಗಿಗಾಹರ್ಟ್ಜ್ ಅನ್ನೋ ಜಾಗ ಮೊದಲಿಂದಲೂ ಗದ್ದಲದ ಸಂತೆ. ಮೈಕ್ರೋವೇವ್ ಓವನ್ ಓಡೋದೂ ಅಲ್ಲೇ. 1985ರಲ್ಲಿ ಅಮೆರಿಕದ ಸಂವಹನ ಆಯೋಗ ಎಫ್‌ಸಿಸಿ, ಕೆಲವು ನಿಯಮ ಹಾಕಿ ಆ ಜಾಗವನ್ನ ಲೈಸೆನ್ಸ್ ಇಲ್ಲದ ಸಂವಹನಕ್ಕೂ ಬಿಟ್ಟುಕೊಟ್ಟಿತು. 1997ರಲ್ಲಿ 802.11 ಮಾನದಂಡ ಬಂತು. ವೇಗ ಸೆಕೆಂಡಿಗೆ ಹೆಚ್ಚೆಂದರೆ 2 ಮೆಗಾಬಿಟ್! 1999ರಲ್ಲಿ ವೈಫೈ ಅನ್ನೋ ಹೆಸರು ಸಿಕ್ಕಿತು. ಭಾರತದಲ್ಲಿ ಈ ಬ್ಯಾಂಡ್ ಲೈಸೆನ್ಸ್‌ಮುಕ್ತವಾಗಿದ್ದು 2005ರಲ್ಲಿ.

ಬಿಟ್ಟಿ ಜಾಗ ಅಂದ್ಮೇಲೆ ಎಲ್ಲರೂ ಬಂದ್ರು: ಬ್ಲೂಟೂತ್, ಪಕ್ಕದ ಮನೆ ರೂಟರ್, ನಿಮ್ಮದೇ ಓವನ್. ನೂಕುನುಗ್ಗಲು ತಪ್ಪುತ್ತಾ?

ಹಾಗಾಗಿ ಮೊದಲು ಫೋನ್ ನೋಡಿ. ಅದರಲ್ಲೂ ಕಟ್ ಆಗ್ತಿದ್ರೆ 5 ಗಿಗಾಹರ್ಟ್ಜ್‌ಗೆ ಬದಲಾಯಿಸಿ. ಅಲ್ಲಿ ಜಾಗ ಜಾಸ್ತಿ, ಆದ್ರೆ ಗೋಡೆ ದಾಟೋ ಶಕ್ತಿ ಕಡಿಮೆ, ರೂಟರ್ ಹತ್ತಿರ ಕೂತ್ಕೊಳ್ಳಿ. ಫೋನ್‌ನಲ್ಲಿ ಸರಿಯಿದ್ರೆ ಅನುಮಾನ ಲ್ಯಾಪ್‌ಟಾಪ್ ಮೇಲೆ: ವೈಫೈ ಅಡಾಪ್ಟರ್‌ನ ಪವರ್ ಸೇವಿಂಗ್ ಆಫ್ ಮಾಡಿ, ಡ್ರೈವರ್ ಅಪ್‌ಡೇಟ್ ಮಾಡಿ.

ಇಂಟರ್‌ವ್ಯೂ ದಿನ ಮಾತ್ರ ಫೋನ್ ಹಾಟ್‌ಸ್ಪಾಟ್ ರೆಡಿ ಇಟ್ಕೊಳ್ಳಿ. ಮತ್ತೆ ಸಿಗೋಣ.