ಯಾಪನೀಯ ಸಂಘದ ಉತ್ಪತ್ತಿ

ಅಳಿದುಹೋದ ಮತಗಳ ಚರಿತ್ರೆಯಲ್ಲಿ ಒಂದು ವಿಶೇಷ ಕಷ್ಟವುಂಟು. ಅನುಯಾಯಿಗಳು ಇಲ್ಲವಾದ ಮೇಲೆ ಆ ಮತದ ಕಥೆಯನ್ನು ಅದರ ಪ್ರತಿಪಕ್ಷದವರೇ ಹೇಳುತ್ತಾರೆ. ಕ್ರಿ.ಶ. 216ರಲ್ಲಿ ಬಾಬಿಲೋನಿಯಾದಲ್ಲಿ ಹುಟ್ಟಿ, ಬೆಳಕು-ಕತ್ತಲೆಗಳೆಂಬ ಎರಡು ಅನಾದಿತತ್ತ್ವಗಳನ್ನು ಬೋಧಿಸಿದ ಮಾನಿಯ ಮತವು ಬಹುಕಾಲದವರೆಗೆ ಖಂಡನಗ್ರಂಥಗಳಿಂದಲೇ ತಿಳಿದಿದ್ದಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮಧ್ಯ ಏಷಿಯಾದ ತುರ್ಫಾನದಲ್ಲಿ ಆ ಮತೀಯರ ಸ್ವಂತ ಹಸ್ತಪ್ರತಿಗಳು ದೊರೆತ ಮೇಲೆ ಅವರ ಮಾತೂ ಕೇಳಿಸಿತು. ಕನ್ನಡ ನಾಡಿನಲ್ಲಿ ಇಂತಹ ಗತಿ ಒದಗಿದುದು ಜೈನರ ಯಾಪನೀಯ ಸಂಘಕ್ಕೆ. ಅದರ ಪಾಲಿನ ತುರ್ಫಾನವು ಹಾವೇರಿಯ ಮಗ್ಗುಲಲ್ಲಿರುವ ದೇವಗಿರಿಯೇ.

ಈ ಸಂಘದ ಯತಿಗಳು ದಿಗಂಬರರಂತೆ ನಗ್ನರಾಗಿದ್ದು, ನವಿಲುಗರಿಯ ಪಿಂಛವನ್ನು ಧರಿಸಿ, ಕರಪಾತ್ರದಲ್ಲಿ ಭಿಕ್ಷೆಯನ್ನುಣ್ಣುತ್ತಿದ್ದರು. ಸಿದ್ಧಾಂತದಲ್ಲಿ ಮಾತ್ರ ಶ್ವೇತಾಂಬರರೊಡನೆ ಸೇರಿ, ಸ್ತ್ರೀಗೆ ಅದೇ ಜನ್ಮದಲ್ಲಿ ಮೋಕ್ಷವುಂಟೆಂದೂ ಕೇವಲಜ್ಞಾನಿಯೂ ಆಹಾರವನ್ನು ಸ್ವೀಕರಿಸುವನೆಂದೂ ಒಪ್ಪುತ್ತಿದ್ದರು.

ಇವರ ಉತ್ಪತ್ತಿಯನ್ನು ಕುರಿತು ಎರಡು ಕಥೆಗಳಿವೆ. ದೇವಸೇನನು ವಿಕ್ರಮ ಸಂವತ್ 990ರಲ್ಲಿ ರಚಿಸಿದ ‘ದರ್ಶನಸಾರ’ವು, ಕಲ್ಯಾಣನಗರದಲ್ಲಿ ಶ್ರೀಕಲಶನೆಂಬ ಶ್ವೇತಾಂಬರ ಯತಿಯಿಂದ ಈ ಸಂಘವು ಹುಟ್ಟಿತೆನ್ನುತ್ತದೆ. ಕಾಲವು ವಿಕ್ರಮನಿಂದ 205ನೆಯ ವರ್ಷವೆಂದು ಒಂದು ಪಾಠ, 705ನೆಯದೆಂದು ಇನ್ನೊಂದು ಪಾಠ. ಅದಕ್ಕೂ ಬಹು ಈಚಿನ ರತ್ನನಂದಿಯ ‘ಭದ್ರಬಾಹುಚರಿತ’ದ ಪ್ರಕಾರ, ಕರಹಾಟದ ಭೂಪಾಲರಾಜನು ರಾಣಿ ನೃಕುಲದೇವಿಯ ಬಿನ್ನಹದಂತೆ ಅವಳ ತವರಿನ ಗುರುಗಳನ್ನು ಬರಮಾಡಿಕೊಂಡನು, ಅವರು ವಸ್ತ್ರಧಾರಿಗಳಾಗಿರುವುದನ್ನು ಕಂಡು ಹಿಂದಿರುಗಿದನು, ರಾಣಿಯ ಮಾತಿನಂತೆ ಅವರು ಬಟ್ಟೆಯನ್ನು ತ್ಯಜಿಸಿ ರಾಜಸನ್ಮಾನವನ್ನು ಪಡೆದರು. ಸ್ತ್ರೀಗೆ ಮುಕ್ತಿಯುಂಟೆಂದ ಮತವು ಸ್ತ್ರೀಯೊಬ್ಬಳ ಹಟದಿಂದ ಹುಟ್ಟಿತೆಂಬ ಈ ಕಥೆಯಲ್ಲಿ ಇತಿಹಾಸಕ್ಕಿಂತ ಪರಿಹಾಸವೇ ಹೆಚ್ಚು.

ತಾಮ್ರಪಟಗಳ ಸಾಕ್ಷ್ಯವೇ ಬೇರೆ. ದೇವಗಿರಿಯಲ್ಲಿ ದೊರೆತು ಫ್ಲೀಟರಿಂದ ಪ್ರಕಟವಾದ ಕದಂಬಶಾಸನವೊಂದರಲ್ಲಿ, ಕೃಷ್ಣವರ್ಮನ ಪುತ್ರನಾದ ಯುವರಾಜ ದೇವವರ್ಮನು ಸಿದ್ಧಕೇದಾರವೆಂಬಲ್ಲಿ 12 ನಿವರ್ತನ ಭೂಮಿಯನ್ನು ಯಾಪನೀಯ ಸಂಘಕ್ಕೆ ದತ್ತಿಯಿತ್ತುದು ಉಕ್ತವಾಗಿದೆ. ಹಲಸಿಯ ಪಟದಂತೆ ಮೃಗೇಶವರ್ಮನು ತಂದೆಯ ಸ್ಮರಣಾರ್ಥವಾಗಿ ಅಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ 33 ನಿವರ್ತನ ಭೂಮಿಯನ್ನು ಕೊಟ್ಟನು. ಅವನ ಮಗ ರವಿವರ್ಮನು ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಅನ್ನ ನಡೆಯಬೇಕೆಂದು ಕಟ್ಟಳೆ ಮಾಡಿದನು. ಇವೆಲ್ಲ ಕ್ರಿ.ಶ. ಐದು-ಆರನೆಯ ಶತಮಾನಗಳ ಮಾತು. ವಿಕ್ರಮನ 705 ಎಂದರೆ ಕ್ರಿ.ಶ. 648. ಹುಟ್ಟುವ ಮೊದಲೇ ದಾನ ಪಡೆದ ಸಂಘವುಂಟೇ? ಆದುದರಿಂದ ಆ ಪಾಠವು ನಿಲ್ಲುವುದಿಲ್ಲ. ಈ ಪಟಗಳು ಸ್ಥಾಪಕನನ್ನು ಹೆಸರಿಸುವುದಿಲ್ಲ. ಆದರೆ ಅರಸನು ಇವರನ್ನು ವೇಷಧಾರಿಗಳೆಂದೆಣಿಸದೆ, ನಿರ್ಗ್ರಂಥರ ಸಾಲಿನಲ್ಲಿಯೇ ಕುಳ್ಳಿರಿಸಿದನೆಂಬುದು ಸ್ಪಷ್ಟ.

ಸಂಘದ ವಿದ್ವತ್ತಿಗೆ ಪಾಲ್ಯಕೀರ್ತಿಯೇ ಸಾಕ್ಷಿ. ಶಾಕಟಾಯನನೆಂದು ಪ್ರಸಿದ್ಧನಾದ ಈತನು ಪಾಣಿನಿಯು ಸ್ಮರಿಸುವ ಪ್ರಾಚೀನ ಶಾಕಟಾಯನನಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದವನು. ‘ಶಬ್ದಾನುಶಾಸನ’ವೆಂಬ ವ್ಯಾಕರಣವನ್ನೂ ಅದಕ್ಕೆ ‘ಅಮೋಘವೃತ್ತಿ’ಯನ್ನೂ ಬರೆದುದಲ್ಲದೆ, ‘ಸ್ತ್ರೀಮುಕ್ತಿಪ್ರಕರಣ’ದಲ್ಲಿ ತನ್ನ ಸಂಘದ ಪಕ್ಷವನ್ನು ತರ್ಕಬದ್ಧವಾಗಿ ಸಾಧಿಸಿದನು. ವ್ಯಾಕರಣವನ್ನು ಎಲ್ಲ ಮತದವರೂ ಓದಿದರು. ಪ್ರಕರಣವನ್ನು ಕಾಪಾಡುವ ಸ್ವಮತೀಯರು ಮಾತ್ರ ಉಳಿಯಲಿಲ್ಲ.

ಕಾಗವಾಡದ 1394ರ ಶಾಸನದ ತರುವಾಯ ಯಾಪನೀಯರ ಸುಳಿವು ಕ್ಷೀಣಿಸುತ್ತದೆ. ಅವರು ಪ್ರತಿಷ್ಠಿಸಿದ ಕೆಲವು ಬಿಂಬಗಳು ದಿಗಂಬರರಿಂದ ಪೂಜೆಗೊಳ್ಳುತ್ತಿರುವುದನ್ನು ಡಾ. ಆ. ನೇ. ಉಪಾಧ್ಯೆಯವರು ಎತ್ತಿ ತೋರಿಸಿದ್ದಾರೆ. ದೇವಗಿರಿಯ ಪಟವು ಯಾರದಾದರೂ ಕುಲುಮೆಯಲ್ಲಿ ಕರಗಿಹೋಗಿದ್ದರೆ, ಅವರ ಪಕ್ಷದ ಒಂದು ಪ್ರಬಲ ಸಾಕ್ಷ್ಯವು ಇಲ್ಲವಾಗುತ್ತಿತ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹೊಲಗಳಲ್ಲಿ ಸಿಕ್ಕುವ ಹಳೆಯ ತಗಡನ್ನೂ ಬರೆಹದ ಕಲ್ಲನ್ನೂ ಅಲಕ್ಷಿಸದಿರುವುದು ಈ ಭಾಗದ ಪ್ರತಿಯೊಂದು ಮನೆತನದ ಕರ್ತವ್ಯವಾಗಿದೆ. ಬಾಯಿಲ್ಲದವರ ಪರವಾಗಿ ನುಡಿಯಬಲ್ಲವು ಅವೇ.